ಮೋಟುಗೋಡೆಯ ಮೇಲಿನ ಬಿಳಿ ಬಟ್ಟೆ

ಗಾಳಿಗೆ ಗಡಿ ಗೊತ್ತಿಲ್ಲದ ಕಾಲದಲ್ಲಿ, ಅಂದರೆ ಹೋದ ಬುಧವಾರ, ಒಂದೂರಿನ ಮೇಲಿನ ಬಡಾವಣೆಗೂ ಕೆಳಗಿನ ಬಡಾವಣೆಗೂ ನಡುವೆ ಒಂದು ಮೋಟುಗೋಡೆಯಿತ್ತು. ಕಡಿಮೆ ಹೊಗೆಯಲ್ಲಿ ಹೆಚ್ಚು ಸರಕು ತಯಾರಿಸಿದ ಬಡಾವಣೆಗೆ ಹೆಚ್ಚು ಹಸಿರು ಅಂಕ. ಪಕ್ಕದವರ ಮೇಲೆ ಬಿದ್ದ ಮಸಿಗೆ ಅಂಕ ಕಡಿತ, ಮಸಿ ಉಗುಳಿದ ಒಲೆಗೆ ಬೀಗ. ಇದನ್ನೆಲ್ಲ ಅಳೆಯಲು ಕಚೇರಿಯವರು ಒಬ್ಬ ಹಂಗಾಮಿ ನೌಕರನನ್ನು ಇಟ್ಟಿದ್ದರು. ಜನ ಅವನನ್ನು 'ಅಳತೆ' ಎಂದೇ ಕರೆಯುತ್ತಿದ್ದರು.

ಅಂದು ಸಾಹೇಬರು ಗಡಿಯಾರ ತೋರಿಸಿದ್ದರು. "ಐದಕ್ಕೆ ಗೋಡೆ ಹತ್ರಾನೇ ಬರ್ತೀನಿ. ಮಸಿ ಎಷ್ಟು, ಯಾರದ್ದು, ಎರಡೂ ಬರೆದು ಕೊಟ್ರೆ ಕೆಲಸ ಖಾಯಂ. ಇಲ್ದಿದ್ರೆ ನಾಳೆಯಿಂದ ಮನೇಲೇ ಇರಿ."

"ಕೊಟ್ಟೇ ಕೊಡ್ತೀನಿ ಸಾರ್." ಮನೆಯಲ್ಲಿ ಹೆಂಡತಿ ತುಂಬು ಬಸುರಿ, ಬೇರೆ ಮಾತು ಬಾಯಿಗೆ ಬರಲಿಲ್ಲ.

ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಮಾವ ಕೊಟ್ಟ ಮುದಿ ಸ್ಕೂಟರನ್ನು ಒದ್ದು, ಅಳತೆ ಮೇಲಿನ ಬೇಕರಿಗೆ ಬ್ರೆಡ್ಡು ಎಣಿಸಲು ಹೋದ. ಬಂದು ನೋಡಿದರೆ ಬಟ್ಟೆಯೇ ಇಲ್ಲ!

"ಅದಾ?" ಎಂದರು ಕೆಳಗಿನ ಮನೆಯ ಅಜ್ಜಿ. "ಕೊಳೆಯಾಗಿತ್ತಲ್ಲೋ ಕಂದಾ, ಒಗೆದು ಹಾಕಿದೀನಿ."

"ಅಯ್ಯೋ ಅಜ್ಜಿ, ಆ ಕೊಳೇನೇ ನನ್ನ ಅನ್ನ!"

ಮತ್ತೊಂದು ಬಟ್ಟೆ ಕಟ್ಟಿದ. ಅಷ್ಟರಲ್ಲಿ ಬಟ್ಟೆ ಮಸಿಯಾದ ಸುದ್ದಿ ಮೇಲಿನ ಬಡಾವಣೆಗೆ ಹತ್ತಿತ್ತು.

"ನನ್ನ ಒಲೆ ಮೇಲೇನ್ರೀ ಕಣ್ಣು?" ಬೇಕರಿಯವನು ಸಿಡಿದ. "ನೋಡಿ, ಆರಿಸಿದೆ. ಈಗ ಅಳೀರಿ!"

ಒಲೆ ಆರಿತು. ಬಟ್ಟೆ ಮಾತ್ರ ಕಪ್ಪಾಗುತ್ತಲೇ ಹೋಯಿತು.

"ಕದ್ದು ಉರಿಸ್ತಿದಾನೆ, ಹೋಗಿ ನೋಡು," ಎಂದರು ಕೆಳಗಿನವರು. ಹೋಗಿ ನೋಡಿದ, ತಣ್ಣಗಿನ ಒಲೆಯಲ್ಲಿ ಬೆಕ್ಕು ಮಲಗಿತ್ತು. "ಆ ಅಜ್ಜಿ ಹಂಡೆ ಒಲೆ ಇರ್ಬೇಕು," ಎಂದರು ಮೇಲಿನವರು. ಅಜ್ಜಿ ಅದಕ್ಕೂ ನೀರು ಸುರಿದರು. ಅಳತೆ ಸ್ಕೂಟರಿನಲ್ಲಿ ಮಗ್ಗದ ಲಾಳಿಯಂತೆ ಮೇಲೆ ಕೆಳಗೆ ಓಡಾಡಿದ. ಪ್ರತಿ ಸಲ ಬಂದಾಗಲೂ ಬಟ್ಟೆ ಇನ್ನಷ್ಟು ಕಪ್ಪು. ನಾಲ್ಕೂವರೆಗೆ ಅದು ಕಾವಲಿಯ ತಳದಂತಾಗಿತ್ತು.

ಐದಕ್ಕೆ ಐದು ನಿಮಿಷ. ಗೋಡೆಯ ಎರಡೂ ಕಡೆ ಜನ. ದೂರದಲ್ಲಿ ಸಾಹೇಬರ ಜೀಪು.

"ಬೇಕರಿ ಅಂತ ಬರಿಯೋ!" ಎಂದು ಕೆಳಗಿನವರು ಕೂಗಿದರು. ಬರೆದರೆ ಕೆಲಸ ಖಾಯಂ, ಬೇಕರಿಗೆ ಬೀಗ. ಅಳತೆ ಪೆನ್ನಿನ ಮುಚ್ಚಳ ತೆಗೆದ. ಬೇಕರಿಯವನ ಮುಖ ಕಲಸಿಟ್ಟ ಹಿಟ್ಟಿನಂತಾಯಿತು.

ಜೀಪು ಹಾರನ್ ಹೊಡೆಯಿತು. ದಾರಿ ಬಿಡಲು ಅಳತೆ ಗೋಡೆಗೊರಗಿಸಿದ್ದ ಸ್ಕೂಟರನ್ನು ಒದ್ದ.

ಬುಸ್ಸ್!

ಕಾಡಿಗೆಯಂಥ ಹೊಗೆಯೊಂದು ನೇರವಾಗಿ ಬಟ್ಟೆಯನ್ನು ತಬ್ಬಿಕೊಂಡಿತು.

"ಬೆಳಿಗ್ಗೆಯಿಂದ ಅಲ್ಲೇ ಒದೀತಿದ್ದೆಯಲ್ಲೋ ಕಂದಾ," ಅಜ್ಜಿ ಮೆಲ್ಲಗೆ ಹೇಳಿದರು.

ಅಳತೆ ಬೇಕರಿಯವನನ್ನು ನೋಡಿದ, ಅಜ್ಜಿಯನ್ನು ನೋಡಿದ. 'ಯಾರದ್ದು' ಎಂಬಲ್ಲಿ ತನ್ನದೇ ಹೆಸರು ಬರೆದು ಕೈ ಚಾಚಿದ.

ಸಾಹೇಬರು ಓದಿದರು. "ಭೇಷ್! ಐದಕ್ಕೆ ಸರಿಯಾಗಿ, ಒಂದು ತಪ್ಪಿಲ್ಲ. ಆದ್ರೆ ಮಸಿ ಪಟ್ಟೀಲಿ ಇರೋರಿಗೆ ನಮ್ಮಲ್ಲಿ ಕೆಲಸ ಕೊಡೋ ಹಾಗಿಲ್ಲವಲ್ಲ. ಹೋಗ್ಲಿ ಬಿಡಿ, ನಿಮ್ಮ ಹೆಸರಾದ್ರೂ ಇಲ್ಲಿ ಖಾಯಂ ಆಯ್ತು."

ವರದಿಗೆ ಮೊಹರು ಬಿತ್ತು. ಗಡಿಯಾರ ಐದು ಹೊಡೆಯಿತು. ಕೊಟ್ಟ ಮಾತು ನಡೆದಿತ್ತು.