ನಿಮಗೆ ಹದಿನೆಂಟು ತುಂಬಿದೆಯೇ?

ಹಾನಗಲ್ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಮೊದಲೆಲ್ಲ ಪಹಣಿಗೆ, ಜಾತಿ ಸರ್ಟಿಫಿಕೇಟಿಗೆ ಜನ ಬರುತ್ತಿದ್ದರು. ಮಕ್ಕಳನ್ನು ಫೋನಿನಿಂದ ಕಾಯುವ ಕಾಯ್ದೆ ಬಂದ ಮೇಲೆ, ತಾವು ಮಕ್ಕಳಲ್ಲ ಎಂದು ಸಾಬೀತು ಮಾಡಲು ಮೊಮ್ಮಕ್ಕಳಿದ್ದವರು ಬರತೊಡಗಿದ್ದಾರೆ. ನಗಿಸದೆ ಹೋದವರು ಕಡಿಮೆ.

೧. ಹನ್ನೊಂದರ ಅಕ್ಕ

ನಮ್ಮ ಓಣಿಯ ಅಕ್ಕನಿಗೆ ಅರವತ್ತಾರು. ಅವರ ಫೋನಿನ ಪ್ರಕಾರ ಹನ್ನೊಂದು. ಮೊಬೈಲ್ ಅಂಗಡಿಯವನು ಖಾತೆ ತೆರೆಯುವಾಗ ಹುಟ್ಟಿದ ವರ್ಷ ಕೇಳದೆ ಕೈಗೆ ಬಂದ ಅಂಕಿ ಒತ್ತಿದ್ದ. ಈಗ ಖಾತೆಗೆ ಬೀಗ ಬಿದ್ದಿತ್ತು. ಒಳಗೆ ಅವರ ತಾಯಿ ಹಾಡಿ ರೆಕಾರ್ಡ್ ಮಾಡಿಸಿದ್ದ ಇಪ್ಪತ್ತೆರಡು ಬೀಸುವ ಪದಗಳಿದ್ದವು. ಹಿರೇಬೆಂಡಿಗೇರಿಯ ಆ ಅಜ್ಜಿಗೆ ಈಗ ಪದಗಳು ಅರ್ಧಕ್ಕೇ ಮರೆಯುತ್ತವೆ.

"ಮತ್ತ ಹಾಡಸ್ತೇನಂದ್ರ ಆಗಂಗಿಲ್ಲವಾ," ಅಂದರು ಅಕ್ಕ. "ಅದ್ರಾಗ ಇದ್ದದ್ದಷ್ಟ."

ಆಧಾರ್ ಕಾರ್ಡ್ ಹಾಕಿದೆ. ಹೆಸರು ಹೊಂದುತ್ತಿಲ್ಲ ಎಂದಿತು. ಕಾರ್ಡಿನಲ್ಲಿದ್ದದ್ದು ಮದುವೆಯಲ್ಲಿ ಗಂಡನ ಮನೆಯವರು ಇಟ್ಟ ಹೆಸರು, ಫೋನಿನಲ್ಲಿದ್ದದ್ದು ತವರಿನದು.

"ಫೋನಿಗೆ ಯಾಕ ತವರಿನ ಹೆಸರು ಕೊಟ್ರಿ ಅಕ್ಕಾ?"

"ಅವ್ವನ್ನ ಬಿಟ್ರ ಆ ಹೆಸರ್ಲೆ ಕರಿಯೋರು ಯಾರೂ ಉಳದಿಲ್ಲ. ಫೋನರ ಕರೀಲಿ ಅಂತ."

ಫೋನು ಕರೆದದ್ದು ಮಾತ್ರ 'ಮಗು' ಎಂದು. ನಾಳೆ ಮತ್ತೆ ಪ್ರಯತ್ನಿಸಿ ಎಂದೂ ಹೇಳಿತು. ಅಕ್ಕ ದಿನಾ ಬಂದು ನನ್ನ ಬೆಂಚಿನ ಮೇಲೆ ಕೂಡತೊಡಗಿದರು.

೨. ಮಾಸ್ತರರ ಕೈ

ನಿವೃತ್ತ ಮಾಸ್ತರರೊಬ್ಬರಿಗೆ ಹಳೆಯ ಕುಸ್ತಿಯ ವಿಡಿಯೋ ನೋಡಬೇಕಿತ್ತು. ಹೊಡೆದಾಟವಾದ್ದರಿಂದ ದೊಡ್ಡವರಿಗೆ ಮಾತ್ರ, ಕಾರ್ಡ್ ತೋರಿಸಿ ಎಂದಿತ್ತು.

"ಹುಟ್ಟಿದ ದಿನ ಅಷ್ಟ ಕೊಡೂಣು. ನನ್ನ ಮಾರಿ, ಹೆಸರು, ಮನಿ ಎಲ್ಲಾ ಕೇಳಾಕ ಅದೇನ ನನಗ ಹೆಣ್ಣು ಕೊಡತೈತೇನು?"

ನನಗೂ ಆ ಮಾತು ಸರಿಯೆನ್ನಿಸಿತು. ಕಾರ್ಡಿನಲ್ಲಿ ಉಳಿದದ್ದನ್ನೆಲ್ಲ ಅವರು ಎರಡೂ ಕೈಯಿಂದ ಮುಚ್ಚಿದರು. ನಾನು ಫೋಟೋ ತೆಗೆದೆ. ನಾಲ್ಕು ಸಲವೂ ದಾಖಲೆ ಕಾಣುತ್ತಿಲ್ಲ ಎಂದೇ ಬಂತು.

"ಮೂವತ್ತಾರು ವರ್ಷ ಸೀಮೆಸುಣ್ಣ ಹಿಡದ ಕೈ ಇವು. ನೋಡಿದ್ರ ವಯಸ್ಸು ತಿಳಿಯಂಗಿಲ್ಲೇನು ಅದಕ್ಕ?"

ಬೆಂಚಿನಿಂದ ಅಕ್ಕ ಅಂದರು: "ಮಾಸ್ತರ್ರ, ಕೈ ಬಿಡ್ರಿ, ಇಲ್ಲಾ ಕುಸ್ತಿ ಬಿಡ್ರಿ."

ಮಾಸ್ತರರು ಕುಸ್ತಿ ಬಿಟ್ಟರು.

೩. ಚಾಚಾನ ಪ್ರಿಂಟು

ಸವಣೂರಿನ ಟೇಲರ್ ಚಾಚಾನಿಗೆ ಐವತ್ತೆಂಟು, ಅವರ ಖಾತೆಗೂ ಬೀಗ. ಆ ವಾರವಷ್ಟೇ ಹೊಸ ದಾರಿ ಬಂದಿತ್ತು; ಕಾರ್ಡ್ ಬೇಡ, ಮುಖ ತೋರಿಸಿದರೂ ನಡೆಯುತ್ತದೆ ಎಂದೆ. ಮೆಹಂದಿ ಹಚ್ಚಿದ ಗಡ್ಡವನ್ನು ಕ್ಯಾಮೆರಾಕ್ಕೆ ಹಿಡಿದರು. 'ನಿಮಗೆ ಹದಿನೆಂಟು ತುಂಬಿದೆ' ಎಂದು ಬಂತು.

"ಹದಿನೆಂಟಂತ?" ಗಡ್ಡ ಸವರಿಕೊಂಡರು. "ಒಂದು ಪ್ರಿಂಟ್ ತಗಿ ಬೇಟಿ. ಮನ್ಯಾಗ ತೋರಸ್ತೇನಿ."

ಇದನ್ನು ನೋಡಿ ಅಕ್ಕನೂ ಆಸೆಯಿಂದ ಎದ್ದು ಬಂದರು. ಆದರೆ ಕಣ್ಣಿನ ಪೊರೆ ತೆಗೆಸಿ ಕಪ್ಪು ಕನ್ನಡಕ ಹಾಕಿದ್ದರು, ತೆಗೆಯುವಂತಿರಲಿಲ್ಲ. ಮುಖ ಸಿಗಲಿಲ್ಲ ಎಂದಿತು.

೪. ಪಾಲಕರ ಒಪ್ಪಿಗೆ

ಉಳಿದದ್ದು ಒಂದೇ ದಾರಿ: ಮಗುವಿನ ತಂದೆ ಅಥವಾ ತಾಯಿಯ ಒಪ್ಪಿಗೆ. ಭಾನುವಾರ ಅಕ್ಕ, ನಾನು ಇಬ್ಬರೂ ಬಸ್ ಹತ್ತಿ ಹಿರೇಬೆಂಡಿಗೇರಿಗೆ ಹೋದೆವು.

ಅಜ್ಜಿಗೆ ಎಂಬತ್ತಾರು. ಕಾರ್ಡ್ ಕೇಳಿದ್ದಕ್ಕೆ ಸಿಟ್ಟಾದರು. "ನನ್ನ ವಯಸ್ಸು ಅದಕ್ಯಾಕ ಬೇಕು? ಇಕಿ ಅಪ್ಪಗೂ ಖರೇ ಹೇಳಿದ್ದಿಲ್ಲ ನಾ." ಆದರೂ ಟ್ರಂಕಿನಿಂದ ಅರಿವೆಯ ಗಂಟು ತೆಗೆದು ಕಾರ್ಡ್ ಕೊಟ್ಟರು. ಅವರ ಬಟನ್ ಫೋನಿಗೆ ಓಟಿಪಿ ಬಂತು. ಕೊನೆಗೊಂದು ಪ್ರಶ್ನೆ ಇತ್ತು, ಓದಿ ಹೇಳಿದೆ: ಮಗು ದಿನಕ್ಕೆ ಎಷ್ಟು ಹೊತ್ತು ಫೋನ್ ನೋಡಬಹುದು?

"ಅರ್ಧ ತಾಸು," ಅಂದರು ಅಜ್ಜಿ.

"ಅವ್ವಾ, ಇಪ್ಪತ್ತೆರಡು ಪದ ಅದಾವು. ಎರಡು ತಾಸರ ಮಾಡ."

"ಕಣ್ಣ ಆಪರೇಷನ್ ಆಗೇತಿ ನಿಂದು. ಅರ್ಧ ತಾಸು."

ಪಾಲಕರು ಹೇಳಿದಂತೆ ಒತ್ತಿದೆ. ಬೀಗ ತೆರೆಯಿತು. ಅಜ್ಜಿ ತಮ್ಮದೇ ದನಿಯ ಜೊತೆ ತುಟಿ ಅಲ್ಲಾಡಿಸುತ್ತ ಕೂತರು. ಮರೆತಲ್ಲಿ ಫೋನು ಮುಂದೆ ಹೋಗುತ್ತಿತ್ತು, ಇವರು ಹಿಂದಿನಿಂದ ಹೋಗಿ ಕೂಡಿಕೊಳ್ಳುತ್ತಿದ್ದರು. ನಾಲ್ಕನೇ ಪದದ ನಡುವೆ ಫೋನು ಗಪ್ಪಾಯಿತು.

"ಯಾಕ ನಿಂತು? ಯಾರು ನಿಲ್ಲಿಸಿದ್ರು?"

"ನೀನ, ಅವ್ವಾ. ಅರ್ಧ ತಾಸು ಮುಗೀತು."

ಅಜ್ಜಿ ಮಗಳನ್ನು ತಮ್ಮ ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಅಂದರು:

"ಹಂಗಾರ ಬರದ ಹಾಕವಾ, ಹುಡುಗಿ ಅವ್ವನ ಜೋಡಿ ಕುಂತಿದ್ರ ತಾಸು ಎಣಿಸಬ್ಯಾಡ ಅಂತ."