ನನ್ನ ಕಂಪ್ಯೂಟರಿನಲ್ಲಿ ತಂಗಿರುವ ಮೂವತ್ತೇಳು ಅತಿಥಿಗಳ ಬಗ್ಗೆ

ಮಾನ್ಯ ಕಂಪ್ಯೂಟರ್ ಸುರಕ್ಷತಾ ಮಹಾನಿರ್ದೇಶಕರೇ,

ಊರು, ಬೀದಿ, ಬಾಗಿಲು ಯಾವುದನ್ನೂ ನಮೂದಿಸದೆ ಲೋಕದ ತುಂಬ ವ್ಯಾಪಿಸಿರುವ ತಮ್ಮ ಕಚೇರಿಗೆ ಜಾವಾ ದ್ವೀಪದ ಸೋಲೋ ಪಟ್ಟಣದ ಇಕ್ಕಟ್ಟು ಓಣಿಯೊಂದರಿಂದ ನಿವೃತ್ತ ಶಿಕ್ಷಕಿ ವುರ್ಯಾನಿ ಮಾಡುವ ನಮಸ್ಕಾರಗಳು. ತಾವೂ ತಮ್ಮ ಮನೆಯವರೂ ತಮ್ಮ ಸಮಸ್ತ ವೈರಸ್ಸುಗಳೂ ಕ್ಷೇಮವೆಂದು ಭಾವಿಸುತ್ತೇನೆ. ವಿಳಾಸ ತಿಳಿಯದ್ದರಿಂದ ಈ ಪತ್ರವನ್ನು ಓಣಿಯ ಕಾವಲುಕಟ್ಟೆಯ ಗೋಡೆಗೆ ಅಂಟಿಸುತ್ತಿದ್ದೇನೆ. ನನ್ನ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತಲ್ಲಿಂದಲೇ ಇಣುಕಿದ ತಮಗೆ ಒಂದು ಗೋಡೆ ಓದುವುದು ಕಷ್ಟವಾಗಲಾರದು.

ಕಳೆದ ಸೋಮವಾರ ಬೆಳಿಗ್ಗೆ ತಮ್ಮ ಇ-ಮೇಲ್ ಬಂತು. 'ಅಮೂಲ್ಯ ಗ್ರಾಹಕರೇ' ಎಂದು ಕರೆದಿದ್ದಿರಿ. ಎಪ್ಪತ್ತೊಂದು ವರ್ಷಗಳಲ್ಲಿ ನನ್ನನ್ನು ಅಮೂಲ್ಯಳೆಂದವರು ತಾವೇ ಮೊದಲಿಗರು. ನನ್ನ ಕಂಪ್ಯೂಟರಿನಲ್ಲಿ ಮೂವತ್ತೇಳು ವೈರಸ್ಸುಗಳು ಮೂರು ದಿನಗಳಿಂದ ತಂಗಿವೆಯೆಂದೂ, ಇಪ್ಪತ್ನಾಲ್ಕು ಗಂಟೆಗಳೊಳಗೆ ತಮ್ಮ ನಂಬರಿಗೆ ಫೋನು ಮಾಡಿ ಪಾಸ್‌ವರ್ಡ್ ಒಪ್ಪಿಸದಿದ್ದರೆ ಸಮಸ್ತವೂ ಅಳಿಸಿಹೋಗುವುದೆಂದೂ, ಯಾರಿಗೂ ಬಾಯಿಬಿಡಕೂಡದೆಂದೂ ತಿಳಿಸಿದ್ದಿರಿ.

ಆ ಸಮಸ್ತದಲ್ಲಿ ಇದ್ದದ್ದು ಹನ್ನೊಂದು ಧ್ವನಿಮುದ್ರಣಗಳು. ನನ್ನ ಯಜಮಾನರು ಸುಕಿರ್ದಿ, ಓಣಿಯವರನ್ನು ಚಾಪೆಯ ಮೇಲೆ ಕೂರಿಸಿಕೊಂಡು ಹಳೆಯ ಜಾವಾ ಪದ್ಯಗಳನ್ನು ಹಾಡುತ್ತಿದ್ದರು. ಅವರು ತೀರಿಕೊಂಡು ಬರುವ ಗುರುವಾರಕ್ಕೆ ಸಾವಿರ ದಿನ, ನಮ್ಮಲ್ಲಿ ಓಣಿಗೆಲ್ಲ ಅನ್ನವಿಕ್ಕಿ ತೀರಿಕೊಂಡವರನ್ನು ನೆನೆಯುವ ದಿನ. ಅಂದು ಪ್ರಾರ್ಥನೆ ಮುಗಿದ ಮೇಲೆ ಅವರ ಧ್ವನಿಯನ್ನು ಎಲ್ಲರಿಗೂ ಕೇಳಿಸಬೇಕೆಂದಿದ್ದೆ. ಆ ಧ್ವನಿ ಬೇರೆಲ್ಲೂ ಇರಲಿಲ್ಲ. ಮಾನ್ಯರೇ, ಇದೊಂದನ್ನು ಮಾತ್ರ ವಿನಯದ ಬೇಗಡೆ ಸುತ್ತದೆ ಹೇಳುತ್ತೇನೆ: ನಾನು ಹೆದರಿದೆ. ಫೋನು ಕೈಗೆತ್ತಿಕೊಂಡು ತಮ್ಮ ನಂಬರಿನ ಅರ್ಧದಷ್ಟನ್ನು ಒತ್ತಿಯೂ ಇದ್ದೆ.

ಅಷ್ಟರಲ್ಲಿ ಝೆರಾಕ್ಸ್ ಅಂಗಡಿಯ ತುಮಿನಿ ಬಂದಳು. ನನ್ನ ಮುಖ ನೋಡಿ, ವಿಷಯ ಕೇಳಿ, ಅವಳು ಕೂಗಿಕೊಂಡಿದ್ದು ವೈರಸ್ಸಿನ ಬಗ್ಗೆ ಅಲ್ಲ. "ಅಯ್ಯೋ ಅಕ್ಕಾ, ಮೂವತ್ತೇಳು ಮಂದಿ ಮೂರು ದಿನದಿಂದ ಉಳ್ಕೊಂಡಿದಾರಾ? ಪಾಕ್ ದಾಲಿಮಿನ್‌ಗೆ ಹೇಳಿದ್ರೋ ಇಲ್ವೋ?" ಅಂದಳು.

ತಮಗೆ ತಿಳಿಯದಿರಬಹುದು. ನಮ್ಮ ಓಣಿಯಲ್ಲಿ ಇಪ್ಪತ್ನಾಲ್ಕು ಗಂಟೆಗಿಂತ ಹೆಚ್ಚು ತಂಗುವ ಯಾವ ಅತಿಥಿಯಾದರೂ ಓಣಿಯ ಮುಖ್ಯಸ್ಥರಲ್ಲಿ ಹೆಸರು ಬರೆಸಲೇಬೇಕು, ಹಾಗೆಂದು ಓಣಿಯ ಬಾಯಲ್ಲೇ ಫಲಕವಿದೆ. ನನ್ನ ಸ್ವಂತ ತಮ್ಮ ಬಂದಾಗಲೂ ಗುರುತಿನ ಚೀಟಿಯ ಪ್ರತಿ ಕೊಟ್ಟ ಮೇಲೆಯೇ ಎರಡನೇ ರಾತ್ರಿ ಮಲಗಿದ್ದು. ಹಿರಿಯರೆಂಬ ಗೌರವಕ್ಕೆ ನಾವು 'ಪಾಕ್' ಸೇರಿಸಿ ಕರೆಯುವ ದಾಲಿಮಿನ್ ಈಗಿನ ಮುಖ್ಯಸ್ಥರು. ಕಂಪ್ಯೂಟರಿನ ಗಂಧಗಾಳಿ ಇಲ್ಲದ ಆ ಮನುಷ್ಯ ಸಾಕಿದ ಪಾರಿವಾಳಕ್ಕೆ ಸ್ನಾನ ಮಾಡಿಸುವುದನ್ನು ಅರ್ಧಕ್ಕೆ ಬಿಟ್ಟು, ಓಣಿಯವರ ಹಿಂಡಿನೊಡನೆ ನನ್ನ ಮನೆಗೇ ಬಂದು, ನೋಂದಣಿ ಪುಸ್ತಕ ಬಿಚ್ಚಿ, ತಮ್ಮ ನಂಬರಿಗೆ ಫೋನು ಹಚ್ಚಿದರು.

ತಮ್ಮ ಅಧಿಕಾರಿಯ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ಅವರು ಪಾಸ್‌ವರ್ಡ್ ಕೇಳಿದರು. ಇವರು ಗುರುತಿನ ಚೀಟಿಯಲ್ಲಿರುವಂತೆ ಪೂರ್ತಿ ಹೆಸರು, ಹುಟ್ಟಿದ ಊರು, ಧರ್ಮ, ಅವರ ಓಣಿಯ ಮುಖ್ಯಸ್ಥರ ಪರಿಚಯಪತ್ರ ಕೇಳಿದರು. "ಸಾರ್, ಟೈಮಿಲ್ಲ, ಎಲ್ಲಾ ಅಳಿಸಿಹೋಗುತ್ತೆ!" ಎಂದು ತಮ್ಮವರು ಅಂಗಲಾಚಿದರೆ, "ಅಳಿಸೋದಿದ್ರೂ ಹೆಸರು ಬರೆಸೇ ಅಳಿಸ್ಬೇಕಪ್ಪಾ, ಇಲ್ಲಿ ಹಂಗೇ. ಮದುವೆ ಆಗಿದ್ಯಾ? ಹೆಂಡ್ತಿ ಹೆಸರು ಹೇಳು, ಬರ್ಕೋತೀನಿ" ಎಂದರು. ನಲವತ್ತು ನಿಮಿಷ ನಡೆಯಿತು. ತಮ್ಮ ಅಧಿಕಾರಿ ಕೊನೆಗೆ ಹೆತ್ತ ತಾಯಿಯ ಹೆಸರನ್ನೂ ಹೇಳಿ, ನಿಟ್ಟುಸಿರಿಟ್ಟು ಫೋನು ಇಟ್ಟರು.

ಆ ನಲವತ್ತು ನಿಮಿಷ ತುಮಿನಿ ಸುಮ್ಮನಿರಲಿಲ್ಲ. ಯಾವ ಕಾಗದ ಕೈಗೆ ಬಂದರೂ ಮೂರು ಪ್ರತಿ ತೆಗೆಯದೆ ಬಿಡದ ಹೆಂಗಸು ಅವಳು. ಹನ್ನೊಂದೂ ಮುದ್ರಣಗಳನ್ನು ತನ್ನ ಫೋನಿಗಿಳಿಸಿಕೊಂಡು, ಅಲ್ಲಿ ನೆರೆದಿದ್ದವರಿಗೆಲ್ಲ ಹಂಚಿದಳು. ಈಗ ಇಪ್ಪತ್ತಾರು ಮನೆಗಳಲ್ಲಿ ಅವು ಇವೆ.

ನನ್ನ ದೂರು ಇರುವುದೇ ಇಲ್ಲಿ. ಇಷ್ಟು ದಿನ ಬಾಗಿಲು ಹಾಕಿಕೊಂಡು ಒಬ್ಬಳೇ ಕೇಳಿ, ಒಬ್ಬಳೇ ಅಳುತ್ತಿದ್ದೆ. ಈಗ ಬಟ್ಟೆ ಒಣಹಾಕಲು ಹೋದರೆ ಮೂರು ಮನೆಗಳಿಂದ ನನ್ನ ಗಂಡ ಹಾಡುತ್ತಾರೆ. ಒಂದು ಮುದ್ರಣದಲ್ಲಿ ಅವರು ಪದ್ಯದ ನಡುವೆ ನಿಲ್ಲಿಸಿ, "ವುರ್, ಚಹಾ ಎಲ್ಲೇ?" ಎನ್ನುತ್ತಾರೆ. ಮೀನು ಮಾರುವ ಸಾರ್ತಿನಿ ಅದನ್ನೇ ರಿಂಗ್‌ಟೋನ್ ಮಾಡಿಕೊಂಡಿದ್ದಾಳೆ. ಅವಳ ಫೋನು ರಿಂಗಾದಾಗಲೆಲ್ಲ ನಾನು "ತರ್ತೀನಿ, ಇರ್ರೀ" ಎಂದು ಉತ್ತರಿಸಿಬಿಡುತ್ತೇನೆ, ಇಡೀ ಓಣಿ ನಗುತ್ತದೆ, ನಾನೂ ನಗುತ್ತೇನೆ. ನೆಮ್ಮದಿಯಾಗಿ ದುಃಖಪಡುವ ನನ್ನ ಹಕ್ಕನ್ನು ತಾವು ಹೀಗೆ ಕಸಿದುಕೊಂಡಿದ್ದೀರಿ.

ಅಲ್ಲದೆ ತಾವು ಮಾತಿಗೂ ತಪ್ಪಿದ್ದೀರಿ. ಇಪ್ಪತ್ನಾಲ್ಕು ಗಂಟೆ ಕಳೆದು ಇಂದಿಗೆ ಆರು ದಿನ, ಒಂದಕ್ಷರವೂ ಅಳಿಸಿಲ್ಲ. ಆದಕಾರಣ ಆ ಮೂವತ್ತೇಳು ಅತಿಥಿಗಳನ್ನು ಗುರುವಾರ ಖುದ್ದಾಗಿ ಕರೆತಂದು, ಹೆಸರು ಬರೆಸಿ, ಚಾಪೆಯ ಮೇಲೆ ಕೂರಿಸಬೇಕಾಗಿ ವಿನಂತಿ. ಅನ್ನದ ಪೊಟ್ಟಣಗಳನ್ನು ಮೂವತ್ತೆಂಟು ಹೆಚ್ಚಿಗೆ ಕಟ್ಟಿಸಿದ್ದೇನೆ, ತಮ್ಮದೂ ಸೇರಿ.

ಇನ್ನೂ ಏನನ್ನೂ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ವುರ್ಯಾನಿ ಸುಕಿರ್ದಿ

ತಾ.ಕ.: ಬರುವಾಗ ಎರಡು ಭಾವಚಿತ್ರ ತನ್ನಿ. ಇಲ್ಲಿನ ಗುರುತಿನ ಚೀಟಿಯ ನಿಯಮದಂತೆ ಬೆಸ ಇಸವಿಯಲ್ಲಿ ಹುಟ್ಟಿದ್ದರೆ ಹಿನ್ನೆಲೆ ಕೆಂಪು, ಸಮ ಇಸವಿಯಾದರೆ ನೀಲಿ. ದಾರಿ ತಪ್ಪುವ ಭಯ ಬೇಡ, ಓಣಿಯ ಬಾಯಲ್ಲಿ ಆ ಫಲಕ ಕಾಣುತ್ತದೆ. ಅದನ್ನು ಬರೆದವರು ಹಿಂದಿನ ಮುಖ್ಯಸ್ಥರಾಗಿದ್ದ ನನ್ನ ಯಜಮಾನರು. ಅಡುಗೆಮನೆಯ ಕಿಟಕಿಗೆ ಬಣ್ಣ ಬಳಿಯಿರೆಂದರೆ ಕೇಳದೆ ಪ್ರತಿ ವರ್ಷ ಆ ಫಲಕಕ್ಕೇ ಬಳಿಯುತ್ತಿದ್ದರು, ಅದಕ್ಕಾಗಿ ಅವರು ಸಾಯುವತನಕ ನಾನು ಅವರೊಡನೆ ಜಗಳವಾಡಿದೆ. ತಾವು ಅವರ ಧ್ವನಿಯನ್ನು ಒಯ್ಯಲು ಬಂದು ಅವರ ಕೈಬರಹಕ್ಕೆ ಎಡವಿ ಬಿದ್ದಿರಿ. ನೋವಾಗಿದ್ದರೆ ತಿಳಿಸಿ, ಅದನ್ನೂ ಪುಸ್ತಕದಲ್ಲಿ ಬರೆಸುತ್ತೇನೆ.