ಒಂದು ‘ಡಿ’ ಹೆಚ್ಚಾದ ಮೋರಿ

ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು, ಅದು ಉಕ್ಕುವುದರೊಳಗೆ ಊರಿನ ಕಷ್ಟಸುಖ ವಿಚಾರಿಸಿಕೊಳ್ಳುವುದು ನನ್ನ ಅಭ್ಯಾಸ. ಮೊದಲು ಇದಕ್ಕೆ ಪೇಪರ್ ಬೇಕಾಗಿತ್ತು, ಈಗ ಮೊಬೈಲ್ ಸಾಕು. ತುಮಕೂರಿನ ಫೇಸ್‌ಬುಕ್ ಪುಟ ತೆರೆದರೆ ಕುಣಿಗಲ್ ಬಸ್ಸು ಸ್ಟಾಪಿನಲ್ಲಿ ನಿಲ್ಲದೆ ಹೋದದ್ದು, ಗುಬ್ಬಿಯ ಯಾವುದೋ ಬೇಕರಿಯ ಎಗ್ ಪಫ್ಸಿನಲ್ಲಿ ಅರ್ಧ ಮೊಟ್ಟೆಯೂ ಇರದಿದ್ದದ್ದು, ಒಬ್ಬರ ಬೆಕ್ಕು ಇನ್ನೊಬ್ಬರ ಕಾರಿನ ಮೇಲೆ ಮಲಗಿದ್ದು, ಎಲ್ಲವೂ ಫೋಟೋ ಸಮೇತ ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದನ್ನೇ ಒಂದು ಲೋಕಲ್ ಯೂಟ್ಯೂಬ್ ಚಾನೆಲ್‌ನವರು ಮೈಕ್ ಹಿಡಿದು ‘ಸಾರ್ವಜನಿಕರ ಆಕ್ರೋಶ’ ಎನ್ನುತ್ತಾರೆ. ಆ ಸಾರ್ವಜನಿಕರು ಯಾರೆಂದರೆ ಪಫ್ಸ್ ತಿಂದ ಒಬ್ಬರೇ. ಊರಿನವರ ದೂರನ್ನೆಲ್ಲ ಕಾಫಿಯ ಜೊತೆ ಸವಿಯುತ್ತಿದ್ದ ನಾನು, ಒಂದು ದಿನ ನಾನೇ ಸುದ್ದಿಯಾಗುತ್ತೇನೆಂದು ಎಣಿಸಿರಲಿಲ್ಲ.

ಅವತ್ತು ಹಾಲು ಇಳಿಸಿ, ರಂಗೋಲಿ ಹಾಕಲು ಗೇಟಿನ ಹತ್ತಿರ ಹೋದರೆ, ಮೋರಿ ನೀರು ನನಗಿಂತ ಮೊದಲೇ ಬಂದು ಅಲ್ಲಿ ತನ್ನ ರಂಗೋಲಿ ಬಿಡಿಸಿತ್ತು. ಮೋರಿ ಕಟ್ಟಿಕೊಂಡು ಕೆಲವು ದಿನಗಳಾಗಿದ್ದವು. ವಾಸನೆಯನ್ನೇನೋ ಮೂಗು ಮುಚ್ಚಿಕೊಂಡು ಸಹಿಸಬಹುದು. ಆದರೆ ನಮ್ಮ ಸಂಪ್ ಇರುವುದು ಗೇಟಿನ ಪಕ್ಕದಲ್ಲೇ. ಕುಡಿಯುವ, ಬೇಯಿಸುವ, ಮೀಯುವ ನೀರೆಲ್ಲ ಅದರೊಳಗೆ. ಅದರ ಮುಚ್ಚಳ ನೆಲದಿಂದ ಬೆರಳುದ್ದ ಎತ್ತರ, ಅಷ್ಟೇ. ಸಂಜೆಯೊಳಗೆ ಮೋರಿ ಬಿಡಿಸದಿದ್ದರೆ ಆ ಕಪ್ಪು ನೀರು ಸಂಪಿಗೆ ಇಳಿಯುವುದು ಖಂಡಿತ. ಹಳೆಯ ಬೆಡ್‌ಶೀಟೊಂದನ್ನು ಸುರುಳಿ ಸುತ್ತಿ ಅಡ್ಡ ಇಟ್ಟೆ. ನಮ್ಮನೆಯವರು ಶೂ ಲೇಸ್ ಕಟ್ಟುತ್ತ, ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ, ಫೇಸ್‌ಬುಕ್ಕಿಗೆ ಹಾಕಿದರೆ ಓಡಿ ಬರುತ್ತಾರೆ ಎಂದು ಉಪದೇಶಿಸಿ, ಪ್ಯಾಂಟ್ ಎತ್ತಿ ಹಿಡಿದು ನೀರು ದಾಟಿ ಗುಬ್ಬಿ ಬಸ್ಸಿಗೆ ಹೊರಟುಹೋದರು.

ಹಾಕುವುದೇನೋ ಸರಿ, ಬರೆಯುವುದು ಹೇಗೆ? ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸ್ಪೆಲ್ಲಿಂಗ್ ತಪ್ಪಿದರೆ ಸಿಸ್ಟರ್ ಇಂಪೊಸಿಷನ್ ಬರೆಸುತ್ತಿದ್ದರು. ‘ಅಡ್ರೆಸ್’ ಎಂಬ ಪದಕ್ಕೆ ಒಂದೇ ‘ಡಿ’ ಹಾಕಿದ್ದಕ್ಕೆ ಪುಟಗಟ್ಟಲೆ ಎರಡು ‘ಡಿ’ ಬರೆದವಳು ನಾನು. ಅಂದಿನಿಂದ ಅನುಮಾನ ಬಂದ ಕಡೆಯೆಲ್ಲ ಎರಡು ‘ಡಿ’ ಹಾಕಿಬಿಡುತ್ತೇನೆ, ಮನಸ್ಸಿಗೆ ನೆಮ್ಮದಿ. ಪೆನ್ನು ಹಿಡಿದರೆ ಕನ್ನಡ ಬರೆಯಬಲ್ಲೆ. ಆದರೆ ಮೊಬೈಲಿನಲ್ಲಿ ಒತ್ತಕ್ಷರ ಹುಡುಕುತ್ತ ಕೂತರೆ ಹೊತ್ತು ಮುಳುಗುತ್ತದೆ. ಹಾಗಾಗಿ ಎಲ್ಲರಂತೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿದೆ. ಮನೆ ಮುಂದೆ ಮೋರಿ ಕಟ್ಟಿಕೊಂಡಿದೆ, ಯಾರೂ ಕೇಳಲಿಲ್ಲ ಎಂಬುದು ನನ್ನ ಅಳಲು. ‘ಕಟ್ಟಿಕೊಂಡಿದೆ’ಯ ಕೊನೆಗೆ ಒಂದು ‘ಡಿ’ ಸಾಕೋ ಎರಡು ಬೇಕೋ ಎಂದು ಅನುಮಾನ ಬಂತು. ಎರಡು ಹಾಕಿದೆ. ಕೆಳಗೆ ಉಪ್ಪಾರಹಳ್ಳಿಯ ನಮ್ಮ ಮನೆಯ ವಿಳಾಸ, ಜೊತೆಗೊಂದು ಫೋಟೋ. ಗಲೀಜು ನೀರು ಕಾಣದಂತೆ ಗೇಟು, ಚಪ್ಪಡಿ ಕಲ್ಲು, ತುಳಸಿ ಗಿಡ ಮಾತ್ರ ಬರುವ ಹಾಗೆ ತೆಗೆದೆ. ಎಷ್ಟಾದರೂ ನಾಲ್ಕು ಜನ ನೋಡುವ ಮನೆಯಲ್ಲವೇ?

ಹುರುಳಿಕಾಯಿ ಹೆಚ್ಚುತ್ತಿದ್ದಾಗ ಕುಣಿಗಲ್ಲಿನಿಂದ ನಮ್ಮ ಚಿಕ್ಕಮ್ಮನ ಫೋನು.

“ಏನೇ, ಜನ ಮನೆ ಕಟ್ಕೊಂಡ್ವಿ ಅಂತ ಹಾಕ್ತಾರೆ, ನೀನು ಮೋರಿ ಕಟ್ಕೊಂಡೆ ಅಂತ ಹಾಕಿದೀಯಲ್ಲೇ. ಗೃಹಪ್ರವೇಶ ಯಾವಾಗ?”

ಗಾಬರಿಯಿಂದ ನನ್ನ ಬರಹವನ್ನೇ ಗಟ್ಟಿಯಾಗಿ ಓದಿಕೊಂಡೆ. ‘ಮನೆ ಮುಂದೆ ಮೋರಿ ಕಟ್ಟಿಕೊಂಡಿದ್ದೆ. ಯಾರೂ ಕೇಳಲಿಲ್ಲ.’ ಕೆಳಗೆ ಸಾಲುಸಾಲು ಅಭಿನಂದನೆ, ಕೈಮುಗಿದ ಚಿತ್ರಗಳು. ಹೀಗೆ ಬೇಸರ ಮಾಡಿಕೊಳ್ಳಬೇಡಿ ಅಕ್ಕ, ಈಗ ನಾವು ಕೇಳುತ್ತಿದ್ದೇವೆ ಎಂದು ಒಬ್ಬರು ಸಮಾಧಾನ ಹೇಳಿದ್ದರು. ಇನ್ನೊಬ್ಬರಿಗೆ ಗಾರೆ ಕೆಲಸದವರ ನಂಬರ್ ಬೇಕಿತ್ತು. ಅಳಿಸಿಬಿಡೋಣವೆಂದರೆ ಅಷ್ಟರಲ್ಲಿ ಚಾನೆಲ್‌ನವರು ನನ್ನ ಗೇಟನ್ನು ತೋರಿಸಿ, ಹಿನ್ನೆಲೆಯಲ್ಲಿ ಕೊಳಲು ನುಡಿಸಿ, ‘ಸ್ವಂತ ಖರ್ಚಿನಲ್ಲಿ ಮೋರಿ ಕಟ್ಟಿಸಿಕೊಂಡ ಉಪ್ಪಾರಹಳ್ಳಿಯ ಗೃಹಿಣಿ’ ಎಂದು ಬಿಟ್ಟೇಬಿಟ್ಟಿದ್ದರು. ಇತ್ತ ಬೆಡ್‌ಶೀಟ್ ಪೂರ್ತಿ ನೆನೆದು, ನೀರು ಸಂಪಿನ ಕಟ್ಟೆಯನ್ನು ಮುಟ್ಟಿತ್ತು.

ಊಟದ ಹೊತ್ತಿಗೆ ನಮ್ಮನೆಯವರ ಮಾತು ನಿಜವಾಯಿತು. ಓಡಿಯೇ ಬಂದರು. ವಾರ್ಡಿನ ಕೆಲಸ ನೋಡಿಕೊಳ್ಳುವ ಮೇಲ್ವಿಚಾರಕರು, ಹಿಂದೆ ಹಾರೆ ಹಿಡಿದ ಇಬ್ಬರು ಕೆಲಸದವರು. ನನಗೆ ಹೋದ ಜೀವ ಬಂದಂತಾಯಿತು. ಮೇಲ್ವಿಚಾರಕರು ಮೊಬೈಲಿನಲ್ಲಿ ನನ್ನ ಗೇಟನ್ನೇ ತೋರಿಸಿದರು.

“ಯಾರ್‍ನ ಕೇಳಿ ಮೋರಿ ಕಟ್ಸಿದ್ರಿ ಮೇಡಂ? ಪರ್ಮಿಷನ್ ಇದ್ಯಾ?”

“ನಾನು ಕಟ್ಸಿಲ್ಲ ಸಾರ್. ಅದು ತಾನಾಗೇ ಕಟ್ಕೊಂಡಿದೆ.”

“ಮೋರಿ ತಾನಾಗೇ ಹೆಂಗ್ ಕಟ್ಕೊಳ್ತದೆ ಮೇಡಂ? ಮೇಸ್ತ್ರಿ ಬ್ಯಾಡ್ವಾ?”

‘ಡಿ’ಯ ವಿಚಾರವನ್ನು ಬಿಡಿಸಿ ಹೇಳಿದೆ. ನಾನು ಏನೋ ಮುಚ್ಚಿಡುತ್ತಿದ್ದೇನೆಂಬ ಅವರ ಅನುಮಾನ ಇನ್ನೂ ಬಲವಾಯಿತು. ಕಾಲ ಕೆಳಗೆ ಹರಿಯುತ್ತಿದ್ದ ನೀರನ್ನು ತೋರಿಸಿದರೆ, ಅದು ಬೇರೆ ಕಂಪ್ಲೇಂಟು, ತಾವು ಬಂದಿರುವುದು ಈ ಕಂಪ್ಲೇಂಟಿಗೆ ಎಂದರು. ಹೊಸ ಮೋರಿಯ ಅಳತೆ ತೆಗೆಯಲೇಬೇಕೆಂದು ಚಪ್ಪಡಿ ಎತ್ತಿಸಿದರು. ಒಳಗೆ ಎಳನೀರು ಬುರುಡೆಗಳು, ಅವುಗಳ ನಡುವೆ ಯಾರದೋ ಮನೆಯ ದಿಂಬು. ತಳದ ಕಲ್ಲು ಹಳೆಯದೋ ಹೊಸದೋ ತಿಳಿಯಬೇಕಲ್ಲ, ದಿಂಬನ್ನು ಎಳೆಸಿದರು. ನೀರು ಗೊಳಗೊಳ ಎಂದು ಒಂದೇ ಉಸಿರಿಗೆ ಇಳಿದುಹೋಯಿತು. ಹಳೇ ಮೋರಿಯೇ ಎಂದು ತೀರಾ ನಿರಾಸೆಯಿಂದ ಹೇಳಿ, ಇನ್ನು ಮುಂದೆ ಕಟ್ಟಿಸುವುದಾದರೆ ತಿಳಿಸಿ ಕಟ್ಟಿಸಿ ಎಂದು ಎಚ್ಚರಿಸಿ ಹೊರಟರು. ನಾನು ಸಂಪಿನ ಮುಚ್ಚಳ ತೆಗೆದು ಬಗ್ಗಿ ನೋಡಿದೆ. ನೀರು ತಿಳಿಯಾಗಿತ್ತು. ಅದರಲ್ಲಿ ನನ್ನ ಮುಖವೂ ಕಂಡಿತು. ಅದನ್ನು ಮಾತ್ರ ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಸಂಜೆ ಗೇಟಿನ ಬಳಿ ಫಿನಾಯಿಲ್ ಹಾಕಿ ತೊಳೆಯುತ್ತಿದ್ದೆ. ಪಕ್ಕದ ಮನೆಯ ಶಮೀಮಾ, ಮನೆಯಲ್ಲೇ ಬ್ಲೌಸ್ ಹೊಲಿಯುವವರು, ಒಣಗಿದ ಬಟ್ಟೆ ತೆಗೆಯುತ್ತ ಕಾಂಪೌಂಡಿನ ಆಚೆಯಿಂದಲೇ ಕಥೆಯನ್ನೆಲ್ಲ ಕೇಳಿಸಿಕೊಂಡರು. ಇನ್ನು ಈ ಸಹವಾಸವೇ ಬೇಡ, ಮೊದಲು ಮೊಬೈಲಿನಲ್ಲಿ ನೆಟ್ಟಗೆ ಕನ್ನಡ ಬರೆಯುವುದನ್ನು ಕಲಿಯುತ್ತೇನೆ ಎಂದೆ.

ಅವರು ಬಾಯಲ್ಲಿದ್ದ ಕ್ಲಿಪ್ಪು ತೆಗೆದು ದುಪಟ್ಟಾಕ್ಕೆ ಸಿಕ್ಕಿಸಿಕೊಂಡರು. “ಬೇಡ ಬಿಡಿ ಮೇಡಂ. ಇದೇ ಮೋರಿಗೆ ನಾನು ಅಚ್ಚ ಕನ್ನಡದಲ್ಲಿ ಒಂದೂ ತಪ್ಪಿಲ್ದೆ ಬರ್ದಿದ್ದೆ, ಒಬ್ರೂ ಬರ್ಲಿಲ್ಲ. ಬೀದಿ ಲೈಟ್ ಕೆಟ್ಟೋಗಿದೆ ನೋಡಿ, ಅದನ್ನೂ ನೀವೇ ಬರ್ದುಬಿಡಿ.”